ಉಸಿರಿನ ಔಷಧಕ್ಕೂ ದಾರಿ ತೋರಿದ ಪೆಪ್ಟೈಡ್ ವಿಜ್ಞಾನಿ

ಬೆಂಗಳೂರು: ಅವಧಿಗೆ ಮುನ್ನ ಜನಿಸಿದ ಶಿಶುಗಳ ಶ್ವಾಸಕೋಶ ಕುಸಿಯದಂತೆ ಕಾಪಾಡಲು 21 ಅಮೈನೋ ಆಮ್ಲಗಳ ಕೃತಕ ಪೆಪ್ಟೈಡ್ ಒಳಗೊಂಡ ಔಷಧವೊಂದಕ್ಕೆ 2012ರಲ್ಲಿ ಅಮೆರಿಕ ಅನುಮತಿ ನೀಡಿತು. ಆ ಔಷಧ ಮಾರುಕಟ್ಟೆಯಲ್ಲಿ ಬಹುಕಾಲ ಉಳಿಯಲಿಲ್ಲ. ಸಂಶೋಧನೆ ಮಾತ್ರ ನಿಂತಿಲ್ಲ. ಪೆಪ್ಟೈಡ್ ಸರಪಳಿ ಹೇಗೆ ಮಡಚಿಕೊಳ್ಳಬಲ್ಲದು ಎಂಬ ಮೂಲ ನಿಯಮವನ್ನು ಈ ಕ್ಷೇತ್ರಕ್ಕೆ ಒದಗಿಸಿದವರು ಜಿ.ಎನ್. ರಾಮಚಂದ್ರನ್.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು. ಅವರನ್ನು ಭೌತಶಾಸ್ತ್ರಕ್ಕೆ ಸೆಳೆದವರು ಸರ್ ಸಿ.ವಿ. ರಾಮನ್. ಕೇಂಬ್ರಿಡ್ಜ್ ವ್ಯಾಸಂಗ ಮುಗಿಸಿ ಮರಳಿದ ರಾಮಚಂದ್ರನ್, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಚರ್ಮ, ಮೂಳೆ ಹಾಗೂ ಶ್ವಾಸಕೋಶಗಳಿಗೆ ಬಲ ನೀಡುವ ಕೊಲಾಜೆನ್‌ನ ರಚನೆ ಆಗ ಬಿಡಿಸಲಾಗದ ಒಗಟಾಗಿತ್ತು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳನ್ನೂ ಆಧರಿಸಿ, ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಅವರು ಮೂರೆಳೆಯ ಸುರುಳಿಯ ಮಾದರಿ ಮಂಡಿಸಿದರು. ಮರುವರ್ಷ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಅದಕ್ಕೆ ತಿದ್ದುಪಡಿ ಸೂಚಿಸಿದರು. ಈ ಮಾದರಿಯಲ್ಲಿ ಪರಮಾಣುಗಳು ಅತಿ ಹತ್ತಿರ ಬಂದಿವೆ ಎಂಬುದು ಆಕ್ಷೇಪವಾಗಿತ್ತು.

ಆ ಆಕ್ಷೇಪವೇ ಅವರ ಶ್ರೇಷ್ಠ ಸಾಧನೆಗೆ ನಾಂದಿಯಾಯಿತು. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ಪರಿಶೀಲಿಸಿದ ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ನಕ್ಷೆಯೊಂದನ್ನು ಪ್ರಕಟಿಸಿದರು. ಪೆಪ್ಟೈಡ್ ಸರಪಳಿಯ ಎರಡು ತಿರುವು ಕೋನಗಳಲ್ಲಿ ಯಾವ ಜೋಡಿ ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಅದು ಒಂದೇ ನೋಟಕ್ಕೆ ತಿಳಿಸುತ್ತದೆ. ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಪ್ರೋಟೀನ್ ರಚನೆಗಳನ್ನು 'ರಾಮಚಂದ್ರನ್ ನಕ್ಷೆ'ಯ ಒರೆಗೆ ಹಚ್ಚುತ್ತವೆ.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ಘಟಕವನ್ನು ಅವರು ಸ್ಥಾಪಿಸಿದರು. ಕೃತಕ ಪೆಪ್ಟೈಡ್‌ಗಳ ಅಧ್ಯಯನಕ್ಕೆ ಮುಂದೆ ಅದು ದೇಶದ ಪ್ರಮುಖ ನೆಲೆಯಾಯಿತು. ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ಪ್ರಕಟಿಸಿದ ಗಣಿತ ವಿಧಾನ ಸಿ.ಟಿ. ಸ್ಕ್ಯಾನ್ ಚಿತ್ರಗಳ ಮರುರಚನೆಯನ್ನು ಸುಲಭಗೊಳಿಸಿತು. ಶ್ವಾಸಕೋಶದ ರೋಗ ಪತ್ತೆಗೆ ಇಂದು ಅದೇ ಯಂತ್ರ ಆಧಾರ. ಸಿ.ಟಿ. ಸ್ಕ್ಯಾನ್‌ಗೆ ಸಂದ 1979ರ ನೊಬೆಲ್ ಮಾತ್ರ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಪಾಲಾಯಿತು.

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಎವಾಲ್ಡ್ ಪ್ರಶಸ್ತಿ ಅವರಿಗೆ ಲಭಿಸಿದವು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಾಧಿಸಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ಅಗಲಿದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು. ನೊಬೆಲ್ ಅವರಿಗೆ ಒಲಿಯಲಿಲ್ಲ; ಆದರೆ ಅವರ ನಕ್ಷೆಯಿಲ್ಲದ ಜೀವರಸಾಯನ ಪಠ್ಯಪುಸ್ತಕ ಇಂದು ವಿರಳ.