ಮಂಜೇಶ್ವರದಿಂದ ಉಡುಪಿಗೆ ಬಂದ ಪುಸ್ತಕ ಭಂಡಾರ

ಉಡುಪಿ-ಮಣಿಪಾಲ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಕುಂಜಿಬೆಟ್ಟಿನ ಎಂಜಿಎಂ ಕಾಲೇಜು ಗೊತ್ತೇ ಇದೆ. ಅಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಎಂಬ ಸಂಸ್ಥೆಯೊಂದಿದೆ. ಮಂಜೇಶ್ವರದ ಕವಿಯ ಹೆಸರು ಸುಮಾರು 75 ಕಿ.ಮೀ. ದೂರದ ಉಡುಪಿಗೆ ಯಾಕೆ ಬಂತು ಅಂತ ಕೇಳಿದರೆ ಅನೇಕರು ತಲೆ ತುರಿಸಿಕೊಳ್ಳುತ್ತಾರೆ. ಉತ್ತರ ಒಂದೇ ಮಾತಿನದು: ಪುಸ್ತಕ.

ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ತಂದೆ ಮಂಗಳೂರಿನ ಸಾಹುಕಾರ್ ತಿಮ್ಮಪ್ಪ ಪೈ, ತಾಯಿ ಮಂಜೇಶ್ವರದ ದೇವಕಿಯಮ್ಮ. ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡ. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರೇ ಮೇಷ್ಟ್ರು. ಮುಂದೆ ಬಿ.ಎ. ಓದಲು ಮದ್ರಾಸಿಗೆ ಹೋದರು. ಪರೀಕ್ಷೆಯ ಹೊತ್ತಿಗೆ ತಂದೆಯ ಕಾಯಿಲೆಯ ಸುದ್ದಿ ಬಂತು. ಅರ್ಧಕ್ಕೇ ಬಿಟ್ಟು ಊರಿಗೆ ಓಡಿ ಬಂದರು. ಬರೆದಿದ್ದ ಇಂಗ್ಲಿಷಿಗೆ ಚಿನ್ನದ ಪದಕ ಬಂತು, ಡಿಗ್ರಿ ಮಾತ್ರ ಬರಲಿಲ್ಲ.

ಮಂಜೇಶ್ವರದಲ್ಲಿ ಅಜ್ಜನ ಮನೆ, ಆಸ್ತಿ ಇತ್ತು. ಅಲ್ಲೇ ನೆಲೆ ನಿಂತರು. ಅಂಥ ಅನುಕೂಲಸ್ಥರು ಆ ಕಾಲದಲ್ಲಿ ಇನ್ನಷ್ಟು ಗದ್ದೆ, ತೋಟ ಮಾಡುತ್ತಿದ್ದರು. ಪೈಗಳು ಮಾಡಿದ್ದು ಪುಸ್ತಕ! ಸಾರ್ವಜನಿಕರಿಗೆ ಲೈಬ್ರರಿ ಬೇಕೆಂದು ಮದ್ರಾಸು ಸರಕಾರ ಕಾನೂನು ಮಾಡಿದ್ದೇ 1948ರಲ್ಲಿ. ಅಷ್ಟು ಹೊತ್ತಿಗೆ ಪೈಗಳಿಗೆ 65 ವರ್ಷ. ಹಾಗಾಗಿ ಬೇಕಾದ ಲೈಬ್ರರಿಯನ್ನು ಅವರು ಮನೆಯೊಳಗೇ ಕಟ್ಟಿಕೊಂಡರು. ಸಂಸ್ಕೃತ, ಪಾಲಿ, ಬಂಗಾಳಿ, ಪರ್ಷಿಯನ್, ಗ್ರೀಕ್, ಲ್ಯಾಟಿನ್ ಹೀಗೆ ಒಂದೊಂದೇ ಭಾಷೆ ಕಲಿತರು. ಒಟ್ಟು 25 ಭಾಷೆ ಬಲ್ಲವರು ಎಂಬುದು ಜನಜನಿತ ಮಾತು.

ಇಷ್ಟೆಲ್ಲ ಓದಿ ಏನು ಮಾಡಿದರು? ಲೆಕ್ಕ ಇಲ್ಲಿದೆ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಪ್ರಾಸದ ಕಟ್ಟನ್ನು 1911ರಲ್ಲಿ ಮುರಿದು ಬರೆದರು. ಹಳಬರು ಸಿಟ್ಟಾದರು, ಹೊಸಬರು ಅದೇ ದಾರಿ ಹಿಡಿದರು. ಕ್ರಿಸ್ತನ ಕೊನೆಯ ದಿನದ ಮೇಲೆ ಗೊಲ್ಗೊಥಾ, ಬುದ್ಧನ ಕೊನೆಯ ದಿನದ ಮೇಲೆ ವೈಶಾಖಿ ಬರೆದರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು.

ಕವಿತೆ ಒಂದು ಕಡೆಯಾದರೆ ಇತಿಹಾಸ ಇನ್ನೊಂದು ಕಡೆ. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ ನಡೆದದ್ದು 981ರ ಮಾರ್ಚ್ 13ರಂದು ಎಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಇವರೊಬ್ಬರು. ಈಜಿಪ್ಟಿನಲ್ಲಿ ಸಿಕ್ಕಿದ ಹಳೇ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೋ ಇಲ್ಲವೋ ಎಂಬ ಚರ್ಚೆಯಲ್ಲೂ ಪೈಗಳ ಬರಹವಿದೆ. ಆ ನಾಟಕ ನಡೆಯುವ ಜಾಗ ನಮ್ಮ ಮಲ್ಪೆಯ ಆಸುಪಾಸು ಎಂಬ ವಾದವೂ ವಿದ್ವಾಂಸರಲ್ಲಿ ಉಂಟು. ಡಿಗ್ರಿ ಇಲ್ಲದ ಒಬ್ಬ ಮನುಷ್ಯ ಮಂಜೇಶ್ವರದಂಥ ಸಣ್ಣ ಊರಲ್ಲಿ ಕೂತು ಇಂಥ ಕೆಲಸ ಮಾಡಿದ್ದು ಸಣ್ಣ ಸಂಗತಿಯಲ್ಲ.

1949ರಲ್ಲಿ ಮದ್ರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿತು. ಉಡುಪಿಯಲ್ಲಿ ಎಂಜಿಎಂ ಕಾಲೇಜು ಶುರುವಾದದ್ದೂ ಅದೇ ವರ್ಷ. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಪೈಗಳೇ ಅಧ್ಯಕ್ಷರು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರವೂ ಅದರ ಜತೆ ಹೋಯಿತು. ಒಂದೇ ಜಿಲ್ಲೆಯಾಗಿದ್ದ ಉಡುಪಿ, ಮಂಜೇಶ್ವರಗಳ ನಡುವೆ ರಾಜ್ಯದ ಗಡಿ ಬಿತ್ತು. ಕನ್ನಡದ ರಾಷ್ಟ್ರಕವಿ ಕರ್ನಾಟಕದ ಹೊರಗೆ ಉಳಿದರು. ಆ ಕೊರಗಿನಲ್ಲೇ 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು.

ಈಗ ಪ್ರಶ್ನೆ ಬಂದದ್ದು ಪುಸ್ತಕದ್ದು. ವಿದ್ವಾಂಸರು ಹೋದ ಮೇಲೆ ಅವರ ಕಪಾಟಿನ ಗತಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅರ್ಧ ಗೆದ್ದಲಿಗೆ, ಅರ್ಧ ರದ್ದಿಗೆ. ಕರಾವಳಿಯ ಮಳೆಗಾಲ ಒಂದು ಸಾಕು ಕಾಗದ ಬೂಸಲು ಹಿಡಿಯಲಿಕ್ಕೆ. ಪೈಗಳ ಭಂಡಾರಕ್ಕೆ ಆ ಗತಿ ಬರಲಿಲ್ಲ. ಅದು ಗಡಿ ದಾಟಿ ಎಂಜಿಎಂ ಕಾಲೇಜಿಗೆ ಬಂತು. ಪ್ರೊ. ಕು.ಶಿ. ಹರಿದಾಸ ಭಟ್ಟರು ಮುತುವರ್ಜಿ ವಹಿಸಿದರು. ಪೈಗಳ ಹೆಸರಿನಲ್ಲಿ ಸಂಶೋಧನ ಕೇಂದ್ರ ಎದ್ದು ನಿಂತಿತು.

ಬಂದ ಪುಸ್ತಕ ಬೀಗದೊಳಗೆ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. 1979ರಲ್ಲಿ ಇದೇ ಕೇಂದ್ರ ತುಳು ನಿಘಂಟಿನ ಕೆಲಸಕ್ಕೆ ಕೈ ಹಾಕಿತು. ಡಾ. ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. 1988ರಿಂದ 1997ರೊಳಗೆ ಆರು ಸಂಪುಟ ಹೊರಬಂತು. ಕಾಪು, ಕಾರ್ಕಳದ ಸಂತೆಯಲ್ಲಿ ಜನ ಆಡುವ ತುಳು ಮಾತಿಗೆ ಅಚ್ಚಿನಲ್ಲಿ ಜಾಗ ಸಿಕ್ಕಿತು.

ಅತ್ತ ಮಂಜೇಶ್ವರದಲ್ಲಿ ಪೈಗಳ ಹಳೇ ಮನೆ ಬಹುಕಾಲ ಸೊರಗಿತ್ತು. ಕೊನೆಗೆ ಕೇರಳ, ಕರ್ನಾಟಕ ಎರಡೂ ಕೈ ಜೋಡಿಸಿ ಅಲ್ಲಿ ಸ್ಮಾರಕವಾಯಿತು. ಪೈಗಳ ಕವನ ಸಂಕಲನದ ಗಿಳಿವಿಂಡು ಎಂಬ ಹೆಸರನ್ನೇ ಅದಕ್ಕೆ ಇಟ್ಟರು. ಮನೆ ಆ ರಾಜ್ಯದಲ್ಲಿ, ಪುಸ್ತಕ ಈ ರಾಜ್ಯದಲ್ಲಿ.

ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬೋರ್ಡು ಎಷ್ಟೇ ದೊಡ್ಡದಿರಲಿ, ಸರಕು ಓಡದಿದ್ದರೆ ಅಂಗಡಿ ನಿಲ್ಲುವುದಿಲ್ಲ. ಲೈಬ್ರರಿಯ ಸಂಗತಿಯೂ ಅಷ್ಟೇ. ಗೋಡೆ, ಮಾಡು, ಕಪಾಟು ಯಾರಾದರೂ ದುಡ್ಡು ಕೊಟ್ಟು ಮಾಡಿಸಬಹುದು. ಪುಸ್ತಕ ತೆಗೆದು ಓದುವವರನ್ನು ದುಡ್ಡು ಕೊಟ್ಟು ತರಲಿಕ್ಕಾಗದು. ಗೋವಿಂದ ಪೈಗಳು ತಮ್ಮ ಪಾಲಿನದನ್ನು ಓದಿ, ಬರೆದು ಮುಗಿಸಿ ಹೋದರು. ಉಳಿದ ಪಾಲು ಉಡುಪಿಯವರದು.