ನಾಟಕರತ್ನ ಗುಬ್ಬಿ ವೀರಣ್ಣ (1891–1972)

ಕನ್ನಡ ವೃತ್ತಿರಂಗಭೂಮಿಯ ಇತಿಹಾಸದಲ್ಲಿ ಅಗ್ರಗಣ್ಯ ಸ್ಥಾನವನ್ನು ಪಡೆದವರು ನಾಟಕರತ್ನ ಶ್ರೀ ಗುಬ್ಬಿ ವೀರಣ್ಣನವರು. ಬಾಲನಟರಾಗಿ ನಾಟಕ ಕಂಪನಿಯನ್ನು ಸೇರಿದ ಅವರು ಮುಂದೆ ಅದೇ ಕಂಪನಿಯ ಒಡೆಯರಾದರು. ಚಲನಚಿತ್ರ ನಿರ್ಮಾಪಕರಾಗಿಯೂ ನಾಡಿಗೆ ಹಲವು ಕಲಾವಿದರನ್ನು ನೀಡಿದರು. ಅಭಿನಯವನ್ನು ಕಲಿಸುವ ವಿದ್ಯಾಸಂಸ್ಥೆಗಳು ರಾಜ್ಯದಲ್ಲಿ ಇಲ್ಲದಿದ್ದ ಕಾಲದಲ್ಲಿ ನಟನಾಗಬಯಸಿದ ಬಾಲಕನಿಗೆ ನಾಟಕ ಕಂಪನಿಯೇ ಪಾಠಶಾಲೆಯಾಗಿತ್ತು. ಆ ಪಾಠಶಾಲೆಯಲ್ಲಿ ಕಲಿತು ಅದನ್ನೇ ಬೆಳೆಸಿದ ವೀರಣ್ಣನವರ ಜೀವನವು, ಅಭಿನಯವನ್ನು ವೃತ್ತಿಯಾಗಿ ಸ್ವೀಕರಿಸಲು ಇಚ್ಛಿಸುವ ಇಂದಿನ ಯುವಜನರಿಗೂ ಮಾರ್ಗದರ್ಶಕವಾಗಿದೆ.

ಜನನ ಮತ್ತು ಹಿನ್ನೆಲೆ

ವೀರಣ್ಣನವರು 1891ರ ಜನವರಿ 24ರಂದು ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ ಜನಿಸಿದರು. ತಂದೆ ಹಂಪಣ್ಣನವರು. ವೀರಣ್ಣನವರು ಹುಟ್ಟುವ ಮೊದಲೇ, 1884ರಲ್ಲಿ, ಗುಬ್ಬಿಯ ಕಲಾಸಕ್ತರು ಕೂಡಿ ಊರಿನ ಆರಾಧ್ಯ ದೈವದ ಹೆಸರಿನಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಸ್ಥಾಪಿಸಿದ್ದರು. ಜನರ ಬಾಯಲ್ಲಿ ಇದು ಗುಬ್ಬಿ ಕಂಪನಿ ಎಂದೇ ಪ್ರಸಿದ್ಧವಾಯಿತು. ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಈ ಕಂಪನಿಯನ್ನು ಸೇರಿದರು. ಅವರ ವಿದ್ಯಾಭ್ಯಾಸವೂ ಬದುಕಿನ ಅನುಭವವೂ ರಂಗದ ಮೇಲೆ ಮತ್ತು ಪರದೆಯ ಹಿಂದೆಯೇ ನಡೆದವು.

ಅಂದಿನ ಆಯ್ಕೆ ಮತ್ತು ತರಬೇತಿ

ಅಂದಿನ ವೃತ್ತಿ ನಾಟಕ ಕಂಪನಿಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವಾಗ ಮುಖ್ಯವಾಗಿ ಕಂಠವನ್ನು ಪರೀಕ್ಷಿಸಲಾಗುತ್ತಿತ್ತು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ನಟನ ಮಾತು ನೆಲದ ಮೇಲೆ ಕುಳಿತ ಕೊನೆಯ ಪ್ರೇಕ್ಷಕನಿಗೂ ಸ್ಪಷ್ಟವಾಗಿ ಕೇಳಬೇಕಿತ್ತು. ಹಾರ್ಮೋನಿಯಂ ಮೇಷ್ಟರು ಹಿಡಿದ ಶ್ರುತಿಗೆ ಸೇರುವಂತೆ ಹಾಡುವುದು, ತಾಳ ತಪ್ಪದಿರುವುದು, ಉದ್ದನೆಯ ಮಾತುಗಳನ್ನು ಕಂಠಪಾಠ ಮಾಡಿ ತಡವರಿಸದೆ ಒಪ್ಪಿಸುವುದು ಮತ್ತು ಅಕ್ಷರಗಳ ಉಚ್ಚಾರಣೆ ಶುದ್ಧವಾಗಿರುವುದು ನಟನಾಗಬಯಸುವವನ ಅರ್ಹತೆಗಳೆನಿಸಿದ್ದವು.

ಆಯ್ಕೆಯಾದ ಮಾತ್ರಕ್ಕೆ ದೊಡ್ಡ ಪಾರ್ಟು ದೊರೆಯುತ್ತಿರಲಿಲ್ಲ. ಬಾಲಕರಿಗೆ ಮೊದಲು ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣರಂತಹ ಪಾತ್ರಗಳನ್ನೋ ಸಖಿಯರ ಪಾತ್ರಗಳನ್ನೋ ಕೊಡಲಾಗುತ್ತಿತ್ತು. ಪರದೆ ಎಳೆಯುವುದು, ಪ್ರಸಾಧನಕ್ಕೆ ನೆರವಾಗುವುದು, ಕ್ಯಾಂಪು ಬದಲಾದಾಗ ಸಾಮಾನು ಸಾಗಿಸುವುದು ಇವೆಲ್ಲವೂ ಕಲಿಕೆಯ ಭಾಗವೇ ಆಗಿದ್ದವು. ಹಿರಿಯ ನಟರ ಅಭಿನಯವನ್ನು ಪ್ರತಿ ರಾತ್ರಿ ಪಕ್ಕದ ಪರದೆಯ ಮರೆಯಿಂದ ನೋಡುತ್ತಿದ್ದ ಹುಡುಗನಿಗೆ ಇಡೀ ನಾಟಕವೇ ಬಾಯಿಪಾಠವಾಗುತ್ತಿತ್ತು. ಯಾರಾದರೂ ಅಸ್ವಸ್ಥರಾದ ದಿನ ಆ ಪಾತ್ರಕ್ಕೆ ಸಿದ್ಧನಾಗಿರುವವನಿಗೆ ಅವಕಾಶ ತಾನಾಗಿ ಒದಗುತ್ತಿತ್ತು. ವೀರಣ್ಣನವರು ಬೆಳೆದದ್ದು ಈ ಕ್ರಮದಲ್ಲಿಯೇ.

ಹಾಸ್ಯನಟರಾಗಿ ಪ್ರಸಿದ್ಧಿ

ಕಂಪನಿ ನಾಟಕಗಳಲ್ಲಿ ರಾಜ, ರಾಜಕುಮಾರ ಮೊದಲಾದ ನಾಯಕ ಪಾತ್ರಗಳಿಗೆ ಹೆಚ್ಚಿನ ಮನ್ನಣೆ ಇರುತ್ತಿತ್ತು. ಆದರೆ ವೀರಣ್ಣನವರ ಹೆಸರು ನಾಡಿನ ಮೂಲೆಮೂಲೆಗೆ ತಲುಪಿದ್ದು ಹಾಸ್ಯಪಾತ್ರಗಳಿಂದ. ಬೆಳ್ಳಾವೆ ನರಹರಿಶಾಸ್ತ್ರಿಗಳ ಸದಾರಮೆ ನಾಟಕದಲ್ಲಿ ಅವರು ವಹಿಸುತ್ತಿದ್ದ ಕಳ್ಳನ ಪಾತ್ರ ಅತ್ಯಂತ ಜನಪ್ರಿಯವಾಗಿತ್ತು. ಕಥೆಯಲ್ಲಿ ನಾಯಕನಲ್ಲದ ಈ ಪಾತ್ರವನ್ನು ನೋಡುವುದಕ್ಕಾಗಿಯೇ ಜನರು ಮತ್ತೆ ಮತ್ತೆ ಬರುತ್ತಿದ್ದರು. ಪಾತ್ರದ ಸ್ಥಾನಮಾನಕ್ಕಿಂತ ಅದನ್ನು ನಿರ್ವಹಿಸುವ ಸಾಮರ್ಥ್ಯವೇ ನಟನನ್ನು ಎತ್ತರಕ್ಕೇರಿಸುತ್ತದೆ ಎಂಬುದಕ್ಕೆ ಇದು ನಿದರ್ಶನವಾಗಿದೆ. ತಮಗೆ ಒಲಿದ ಪ್ರಕಾರವನ್ನು ಗುರುತಿಸಿಕೊಂಡು ಅದರಲ್ಲಿ ಪರಿಣತಿ ಸಾಧಿಸಿದ್ದು ಅವರ ವೃತ್ತಿಜೀವನದ ಬುನಾದಿಯಾಯಿತು.

ಕಂಪನಿಯ ಒಡೆತನ ಮತ್ತು ರಂಗಸುಧಾರಣೆ

1917ರಲ್ಲಿ ಕಂಪನಿಯ ಸಂಪೂರ್ಣ ಹೊಣೆ ವೀರಣ್ಣನವರ ಕೈಗೆ ಬಂದಿತು. ಅಂದಿನಿಂದ ತಾವು ನಟಿಸುವುದರ ಜೊತೆಗೆ ನೂರಾರು ಜನರ ಊಟ, ವಸತಿ ಹಾಗೂ ಸಂಬಳದ ಜವಾಬ್ದಾರಿಯನ್ನೂ ಅವರು ನಿರ್ವಹಿಸಬೇಕಾಯಿತು. ಮಳೆ ಹಿಡಿದು ಆಟ ನಿಂತರೂ, ಊರಿನಲ್ಲಿ ಸಾಂಕ್ರಾಮಿಕ ರೋಗ ಹರಡಿ ಪ್ರೇಕ್ಷಕರು ಬಾರದಿದ್ದರೂ ಕಂಪನಿಯ ಒಲೆ ಉರಿಯಲೇಬೇಕಿತ್ತು. ಈ ಹೊಣೆಯ ನಡುವೆಯೂ ಅವರು ರಂಗಸಜ್ಜಿಕೆ, ವೇಷಭೂಷಣ ಮತ್ತು ಬೆಳಕಿನ ವ್ಯವಸ್ಥೆಗೆ ಧಾರಾಳವಾಗಿ ಹಣ ವೆಚ್ಚ ಮಾಡಿದರು. ರಂಗದ ಮೇಲೆ ವಿದ್ಯುತ್ ದೀಪಗಳನ್ನು ಬಳಸಿದರು. 1934ರಲ್ಲಿ ಪ್ರದರ್ಶಿಸಿದ ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ತಂದು ಪ್ರೇಕ್ಷಕರನ್ನು ಬೆರಗುಗೊಳಿಸಿದರು. ಕಂಪನಿಯು ಕನ್ನಡ ಪ್ರದೇಶಗಳಲ್ಲದೆ ನೆರೆಯ ಆಂಧ್ರ ಮತ್ತು ತಮಿಳು ಪ್ರದೇಶಗಳಲ್ಲಿಯೂ ಸಂಚರಿಸಿ ಮನ್ನಣೆ ಗಳಿಸಿತು.

ಪುರುಷರೇ ಸ್ತ್ರೀಪಾತ್ರಗಳನ್ನು ವಹಿಸುವುದು ರೂಢಿಯಾಗಿದ್ದ ಕಾಲದಲ್ಲಿ ವೀರಣ್ಣನವರು ಕಲಾವಿದೆಯರಿಗೆ ಅವಕಾಶ ನೀಡಿದರು. ಅವರ ಪತ್ನಿ ಬಿ. ಜಯಮ್ಮನವರು ಅಭಿನಯ ಹಾಗೂ ಗಾಯನ ಎರಡರಲ್ಲಿಯೂ ಹೆಸರು ಗಳಿಸಿ, ರಂಗಭೂಮಿಯಿಂದ ಚಲನಚಿತ್ರ ಕ್ಷೇತ್ರಕ್ಕೂ ಪ್ರವೇಶಿಸಿದರು.

ಚಲನಚಿತ್ರ ರಂಗದಲ್ಲಿ

1930ರ ಆಸುಪಾಸಿನಲ್ಲಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಹರಿಮಾಯಾ ಮೊದಲಾದ ಮೂಕಿ ಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. 1931ರಲ್ಲಿ ಭಾರತದಲ್ಲಿ ಮಾತನಾಡುವ ಚಿತ್ರಗಳು ಬಂದುದರಿಂದ ಮೂಕಿ ಚಿತ್ರಗಳ ಕಾಲ ಮುಗಿಯತೊಡಗಿತು. ಆ ಸಂಸ್ಥೆ ಹೆಚ್ಚು ಕಾಲ ಉಳಿಯಲಿಲ್ಲ. ಇದರಿಂದ ಎದೆಗುಂದದ ಅವರು 1935ರಲ್ಲಿ ಸದಾರಮೆ ವಾಕ್ಚಿತ್ರದಲ್ಲಿ ಅಭಿನಯಿಸಿದರು. ಸುಭದ್ರಾ (1941), ಜೀವನ ನಾಟಕ (1942) ಚಿತ್ರಗಳೊಂದಿಗೂ ಅವರ ಹೆಸರು ಸೇರಿದೆ. ಮಾತು ಮತ್ತು ಹಾಡು ಎರಡನ್ನೂ ಬಲ್ಲ ಕಲಾವಿದರು ವಾಕ್ಚಿತ್ರಗಳಿಗೆ ಅಗತ್ಯವಾದಾಗ, ಕಂಪನಿಗಳಲ್ಲಿ ಪಳಗಿದವರೇ ಆ ಕೊರತೆಯನ್ನು ತುಂಬಿದರು.

1954ರಲ್ಲಿ ಗುಬ್ಬಿ ಕರ್ನಾಟಕ ಸಂಸ್ಥೆಯ ಹೆಸರಿನೊಡನೆ ತೆರೆಕಂಡ ಬೇಡರ ಕಣ್ಣಪ್ಪ ಚಿತ್ರವನ್ನು ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದರು. ಅದರ ನಾಯಕ ಪಾತ್ರಕ್ಕೆ ಆಯ್ಕೆಯಾದವರು ಗುಬ್ಬಿ ಕಂಪನಿಯ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಪುತ್ರ ಮುತ್ತುರಾಜ್. ಬಾಲ್ಯದಿಂದಲೇ ಕಂಪನಿ ನಾಟಕಗಳಲ್ಲಿ ದುಡಿದಿದ್ದ ಅವರು ಈ ಚಿತ್ರದಿಂದ ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ನಾಡಿಗೆ ಪರಿಚಿತರಾದರು. ಹಾಸ್ಯನಟ ನರಸಿಂಹರಾಜು ಅವರ ಚಿತ್ರಜೀವನಕ್ಕೂ ಇದೇ ನಾಂದಿಯಾಯಿತು. ಈ ಚಿತ್ರದಲ್ಲಿ ಇಬ್ಬರೂ ಗಮನ ಸೆಳೆದರೆಂದರೆ ಅದರ ಹಿಂದೆ ಹಲವು ವರ್ಷಗಳ ರಂಗದ ದುಡಿಮೆ ಇತ್ತೆಂಬುದನ್ನು ಮರೆಯುವಂತಿಲ್ಲ.

ಕಲಾವಿದರ ಗುರುಕುಲ

ಜಿ.ವಿ. ಅಯ್ಯರ್, ಬಾಲಕೃಷ್ಣ, ಹೊನ್ನಪ್ಪ ಭಾಗವತರ್ ಮುಂತಾದ ಅನೇಕ ಕಲಾವಿದರು ಗುಬ್ಬಿ ಕಂಪನಿಯ ಒಡನಾಟದಲ್ಲಿ ಬೆಳೆದವರು. ಇವರ ಪೈಕಿ ಬಿ.ವಿ. ಕಾರಂತರ ಜೀವನ ವಿಶೇಷವಾಗಿ ಉಲ್ಲೇಖನೀಯವಾಗಿದೆ. ದಕ್ಷಿಣ ಕನ್ನಡ ಜಿಲ್ಲೆಯ ಮಂಚಿಯವರಾದ ಕಾರಂತರು ನಾಟಕದ ಸೆಳೆತದಿಂದ ಬಾಲ್ಯದಲ್ಲಿಯೇ ಮನೆ ತೊರೆದು ಬಂದು ಕಂಪನಿಯನ್ನು ಸೇರಿದರು. ಹುಡುಗನಲ್ಲಿದ್ದ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಅವರನ್ನು ಕಂಪನಿಯಲ್ಲಿಯೇ ಇರಿಸಿಕೊಳ್ಳದೆ, ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟರು. ಪಳಗಿದ ನಟನೊಬ್ಬ ಕಂಪನಿಯಿಂದ ಹೊರಹೋಗುವುದು ಒಡೆಯನಿಗೆ ನಷ್ಟವೇ ಸರಿ. ಆದರೂ ವೀರಣ್ಣನವರು ಕಲಾವಿದನ ಭವಿಷ್ಯವನ್ನು ತಮ್ಮ ಕಂಪನಿಯ ಅಗತ್ಯಕ್ಕಿಂತ ಹಿರಿದೆಂದು ಭಾವಿಸಿದರು. ಮುಂದೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಸ್ಥಾಪಕ ನಿರ್ದೇಶಕರೂ ಆದರು. ಹೀಗೆ ಕಂಪನಿ ನಾಟಕದ ಪರಂಪರೆಯು ಆಧುನಿಕ ರಂಗಶಿಕ್ಷಣದೊಂದಿಗೆ ಬೆಸೆದುಕೊಂಡಿತು.

ಗೌರವಗಳು ಮತ್ತು ನೆನಪು

ಮೈಸೂರು ಅರಸರಿಂದ ನಾಟಕರತ್ನ ಬಿರುದಿಗೆ ಪಾತ್ರರಾದ ವೀರಣ್ಣನವರಿಗೆ 1955ರಲ್ಲಿ ಅಭಿನಯಕ್ಕಾಗಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಹಾಗೂ 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿದವು. ಅವರ ಆತ್ಮಕಥನದ ಹೆಸರು ಕಲೆಯೇ ಕಾಯಕ. 1972ರ ಅಕ್ಟೋಬರ್ 18ರಂದು ಅವರು ನಿಧನರಾದರು. ಅವರ ಮೊಮ್ಮಗಳು ಬಿ. ಜಯಶ್ರೀ ಅವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದು ರಂಗಭೂಮಿಯಲ್ಲಿ ಆ ಪರಂಪರೆಯನ್ನು ಮುಂದುವರಿಸಿದರು; 2013ರಲ್ಲಿ ಅವರಿಗೂ ಪದ್ಮಶ್ರೀ ಸಂದಿತು. ರಂಗಭೂಮಿ ಸಾಧಕರಿಗಾಗಿ ರಾಜ್ಯ ಸರ್ಕಾರವು ವೀರಣ್ಣನವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ತುಮಕೂರಿನ ರಂಗಮಂದಿರಕ್ಕೂ ಅವರ ಹೆಸರನ್ನಿಡಲಾಗಿದೆ.

ಯುವ ಕಲಾವಿದರಿಗೆ

ಇಂದು ಅಭಿನಯ ಕಲಿಯಲಿಚ್ಛಿಸುವವರಿಗೆ ರಂಗಶಿಕ್ಷಣ ಸಂಸ್ಥೆಗಳಿವೆ. ಪಾತ್ರಗಳಿಗೆ ಆಯ್ಕೆ ಮಾಡುವ ವಿಧಾನಗಳೂ ಬದಲಾಗಿವೆ. ಆದರೆ ಸ್ಪಷ್ಟ ಉಚ್ಚಾರಣೆ, ಶ್ರುತಿ ಮತ್ತು ಲಯದ ಜ್ಞಾನ, ನೆನಪಿನ ಶಕ್ತಿ, ಸಣ್ಣ ಪಾತ್ರವನ್ನೂ ಶ್ರದ್ಧೆಯಿಂದ ನಿರ್ವಹಿಸುವ ಮನಸ್ಸು ಹಾಗೂ ತೆರೆಯ ಹಿಂದಿನ ಕೆಲಸಗಳ ತಿಳಿವಳಿಕೆ ಈಗಲೂ ನಟನ ನಿಜವಾದ ಬಂಡವಾಳ. ಒಂದು ದಿನದ ಪರೀಕ್ಷೆಯಲ್ಲಿ ದೊರೆಯುವುದು ಪ್ರವೇಶ ಮಾತ್ರ. ವೃತ್ತಿಯನ್ನು ಕಟ್ಟುವುದು ಅನುದಿನದ ಅಭ್ಯಾಸ. ಗುಬ್ಬಿ ವೀರಣ್ಣನವರ ಬದುಕು ನಾಡಿನ ಕಲಾವಿದರಿಗೆ ಬಿಟ್ಟುಹೋಗಿರುವ ಸಂದೇಶವಿದು.