ಕೈರೋದಲ್ಲಿ ಗೆದ್ದ ಮೇಷ್ಟ್ರು: ಬಿ.ಆರ್. ಪಂತುಲು

ಚಾಮರಾಜಪೇಟೆಯಲ್ಲಿರುವ ಕಲಾವಿದರ ಸಂಘದ ಕಟ್ಟಡದ ಮುಂದೆಯೇ ನಾನು ದಿನಾ ಕಾಲೇಜಿಗೆ ಬರುವುದು. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸಿನಿಮಾಗಳನ್ನು ಅಲ್ಲಿಯೂ ತೋರಿಸಿದ್ದಾರೆ. ಆ ಉತ್ಸವದಲ್ಲಿ ಏಷ್ಯಾದ ಚಿತ್ರಗಳಿಗೆಂದೇ ಒಂದು ಸ್ಪರ್ಧೆ ಇದೆ. ಅಂಥ ಪ್ರಶಸ್ತಿಯನ್ನು ಹಿಂದೆ ನಮ್ಮ ಕಡೆಯವರು ಯಾರಾದರೂ ತಂದಿದ್ದಾರಾ ಎಂದು ಕನ್ನಡ ಉಪನ್ಯಾಸಕರನ್ನು ಕೇಳಿದೆ. ಅವರು ಪಂತುಲು ಎಂಬ ಹೆಸರು ಹೇಳಿ, ಮಿಕ್ಕಿದ್ದನ್ನು ನೀನೇ ಹುಡುಕು ಅಂದರು.

ಅದೇ ವಾರ ನಮ್ಮ ಮನೆಯಲ್ಲೊಂದು ಜಗಳ ನಡೆದಿತ್ತು. ಕಾಲೇಜು ದಿನದ ನಾಟಕದಲ್ಲಿ ಪಾರ್ಟು ಮಾಡುತ್ತೇನೆ ಅಂದದ್ದಕ್ಕೆ ಅಬ್ಬಾ ಒಪ್ಪಿರಲಿಲ್ಲ. ಕನ್ನಡ ನಾಟಕ, ಬಣ್ಣ ಹಚ್ಚುವುದು ಇದೆಲ್ಲ ನಮ್ಮಂಥವರಿಗಲ್ಲ, ನೀನು ಓದಿ ಮೇಷ್ಟ್ರಾಗು ಎನ್ನುವುದು ಅವರ ಮಾತು. ಹಾಗಾಗಿ ಪಂತುಲು ಅವರ ಜೀವನವನ್ನು ನಾನು ಸ್ವಲ್ಪ ಸ್ವಾರ್ಥದಿಂದಲೇ ಓದಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಪಂತುಲು ಕೋಲಾರ–ಕುಪ್ಪಂ ಗಡಿ ಸೀಮೆಯವರು. ಮೊದಲು ಶಾಲಾ ಮೇಷ್ಟ್ರಾಗಿದ್ದರು. ಆ ಕೆಲಸ ಬಿಟ್ಟು ಅವರು ಸೇರಿದ್ದು ಚಂದ್ರಕಲಾ ನಾಟಕ ಮಂಡಳಿಯನ್ನು. ಅದನ್ನು ನಡೆಸುತ್ತಿದ್ದವರು ಮಹಮದ್ ಪೀರ್. ಈ ಹೆಸರು ಓದಿದಾಗ ನಾನು ಪುಸ್ತಕ ಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತೆ. ಆ ಕಾಲದಲ್ಲಿ ಒಬ್ಬ ಮುಸ್ಲಿಮರು ಕನ್ನಡ ನಾಟಕ ಕಂಪನಿ ಕಟ್ಟಿ, ತಾವೂ ರಂಗದ ಮೇಲೆ ನಿಂತು ಹೆಸರು ಮಾಡಿದ್ದರು. 'ಸದಾರಮೆ', 'ಗುಲೇಬಕಾವಲಿ', ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕೆ' ಇವುಗಳಲ್ಲೆಲ್ಲ ಪಂತುಲು ಅಭಿನಯಿಸಿದರು. ಆಮೇಲೆ ಗುಬ್ಬಿ ವೀರಣ್ಣನವರ ಕಂಪನಿಗೂ ಹೋದರು. ಆದರೆ ಅವರನ್ನು ಸಿನಿಮಾಕ್ಕೆ ದಾಟಿಸಿದ್ದು 'ಸಂಸಾರ ನೌಕೆ'ಯೇ. 1936ರಲ್ಲಿ ಸಿಂಹ ಅವರೇ ಅದನ್ನು ಚಿತ್ರ ಮಾಡಿದಾಗ ಪಂತುಲು ನಾಯಕ, ಎಂ.ವಿ. ರಾಜಮ್ಮ ನಾಯಕಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದು ಆಗ ಎರಡೇ ವರ್ಷವಾಗಿತ್ತು.

ಮುಂದೆ ಮದ್ರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿ ಕನ್ನಡ, ತಮಿಳು ಎರಡರಲ್ಲೂ ಚಿತ್ರ ತೆಗೆದರು. 1958ರಲ್ಲಿ ಬಂತು 'ಸ್ಕೂಲ್ ಮಾಸ್ಟರ್'. ಶಾಲೆ ಬಿಟ್ಟು ಬಂದ ಮೇಷ್ಟ್ರು ಪರದೆಯ ಮೇಲೆ ಮತ್ತೆ ಮೇಷ್ಟ್ರಾದರು. ನಿವೃತ್ತ ಉಪಾಧ್ಯಾಯನನ್ನು ಹೆತ್ತ ಮಕ್ಕಳು ಕೈಬಿಡುತ್ತಾರೆ, ಕಾಪಾಡುವವನು ಹಳೆಯ ಶಿಷ್ಯ. ಆ ಶಿಷ್ಯನ ಪಾತ್ರದಲ್ಲಿ ಶಿವಾಜಿ ಗಣೇಶನ್ ಇದ್ದಾರೆ. ಈ ಚಿತ್ರ ನೋಡಿ ನಮ್ಮ ಅಮ್ಮಿ ಅತ್ತರು. ಅಬ್ಬಾ ಅಳಲಿಲ್ಲ, ಆದರೆ ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಮರುವರ್ಷ, 1959ರಲ್ಲಿ, ಅದೇ ಶಿವಾಜಿಯನ್ನು ಇಟ್ಟುಕೊಂಡು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ನಿರ್ಮಿಸಿ ನಿರ್ದೇಶಿಸಿದರು. ಬ್ರಿಟಿಷರಿಗೆ ಕಪ್ಪ ಕೊಡಲೊಪ್ಪದ ಪಾಂಚಾಲಂಕುರಿಚಿಯ ಪಾಳೆಯಗಾರನ ಕಥೆ ಅದು. ಅವನನ್ನು ಗಲ್ಲಿಗೇರಿಸಿದ್ದು 1799ರ ಅಕ್ಟೋಬರಿನಲ್ಲಿ. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದಿದ್ದರು. ನಮ್ಮ ಕಾಲೇಜಿನಿಂದ ಟಿಪ್ಪುವಿನ ಬೇಸಿಗೆ ಅರಮನೆಗೆ ನಡೆದೇ ಹೋಗಬಹುದು. ಎಷ್ಟೋ ಸಲ ಹೋಗಿದ್ದರೂ ಈ ಎರಡು ಸಾವುಗಳನ್ನು ನಾನು ಯಾವತ್ತೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

1960ರಲ್ಲಿ ಈ ಚಿತ್ರ ಈಜಿಪ್ಟಿನ ಕೈರೋದಲ್ಲಿ ನಡೆದ ಆಫ್ರೋ-ಏಷ್ಯನ್ ಚಲನಚಿತ್ರೋತ್ಸವಕ್ಕೆ ಹೋಯಿತು. ಶಿವಾಜಿಗೆ ಶ್ರೇಷ್ಠ ನಟ ಪ್ರಶಸ್ತಿ, ಜಿ. ರಾಮನಾಥನ್ ಅವರಿಗೆ ಶ್ರೇಷ್ಠ ಸಂಗೀತ ನಿರ್ದೇಶಕ ಪ್ರಶಸ್ತಿ ಬಂದವು. ಕೈರೋದ ಜನಕ್ಕೆ ಇದು ದೂರದ ಕಥೆ ಅನ್ನಿಸಿರಲಾರದು ಅಂದುಕೊಳ್ಳುತ್ತೇನೆ. ಕೇವಲ ನಾಲ್ಕು ವರ್ಷ ಹಿಂದೆ, 1956ರಲ್ಲಿ, ಸೂಯೆಜ್ ಕಾಲುವೆಗಾಗಿ ಅವರ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದ್ದವು. ಶಿವಾಜಿಯ ಹೆಸರು ಇವತ್ತಿಗೂ ಎಲ್ಲರಿಗೂ ಗೊತ್ತು. ಆದರೆ ಆ ಚಿತ್ರದ ನಿರ್ದೇಶಕರು ಕನ್ನಡ ರಂಗಭೂಮಿಯಿಂದ ಬಂದವರೆಂದು ನಮ್ಮ ತರಗತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗಿದು ಸ್ವಲ್ಪ ಬೇಜಾರಿನ ವಿಷಯ.

ಅಂಥದೇ ಕಥೆಯನ್ನು ಅವರು ಕನ್ನಡಕ್ಕೂ ಕೊಟ್ಟರು: 1961ರ 'ಕಿತ್ತೂರು ಚೆನ್ನಮ್ಮ', ಬಿ. ಸರೋಜಾದೇವಿ ಚೆನ್ನಮ್ಮನಾಗಿ. 1970ರ 'ಶ್ರೀ ಕೃಷ್ಣದೇವರಾಯ'ದಲ್ಲಿ ರಾಜ್‌ಕುಮಾರ್ ದೊರೆ, ಪಂತುಲು ಮಂತ್ರಿ ತಿಮ್ಮರಸು. ಆ ಪಾತ್ರಕ್ಕೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಅವರ ಪಾಲಾಯಿತು.

1974ರ ಅಕ್ಟೋಬರಿನಲ್ಲಿ ಪಂತುಲು ತೀರಿಕೊಂಡರು. ಬಿ.ಜಿ.ಎಲ್. ಸ್ವಾಮಿಯವರ 'ಕಾಲೇಜು ರಂಗ'ವನ್ನು ಸಿನಿಮಾ ಮಾಡಬೇಕೆಂದಿದ್ದರು, ಆಗಲಿಲ್ಲ. ಅದನ್ನು 1976ರಲ್ಲಿ ತೆರೆಗೆ ತಂದವರು ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಕಲಿತಿದ್ದ ಪುಟ್ಟಣ್ಣ ಕಣಗಾಲ್. 'ಸ್ಕೂಲ್ ಮಾಸ್ಟರ್' ಕಥೆಯ ಶಿಷ್ಯನೇ ನೆನಪಾಗುತ್ತಾನೆ.

ನಾಟಕಕ್ಕೆ ನನ್ನ ಹೆಸರು ಕೊಟ್ಟಿದ್ದೇನೆ. ಅಬ್ಬಾಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಅಚ್ಚಾಗಿ ಬಂದ ಮೇಲೆ, ಮಹಮದ್ ಪೀರ್ ಅವರ ಹೆಸರಿರುವ ಪ್ಯಾರಾ ಮಡಚಿ ಅವರ ಕೈಗೆ ಕೊಡಬೇಕೆಂದಿದ್ದೇನೆ.